ಪಾಲಾಗದೆ ಉಳಿದ ಗಟಾರು

ಅವರು ರೊಟ್ಟಿಯನ್ನು ನಿಂತೇ ತಿನ್ನುತ್ತಿದ್ದರು. ಎಡಗೈಯೇ ತಾಟು. ರೊಟ್ಟಿಯ ಮೇಲೆ ಶೇಂಗಾ ಹಿಂಡಿ, ಅದರ ಮೇಲೊಂದಿಷ್ಟು ಪಲ್ಯ; ಒಂದು ತುತ್ತು ಅಡುಗೆ ಮನೆಯಲ್ಲಿ, ಮುಂದಿನದು ಪಡಸಾಲೆಯಲ್ಲಿ, ಅದರ ಮುಂದಿನದು ಗೇಟಿನ ಹತ್ತಿರ. ಇಳಕಲ್ ಸೀರೆಯ ನಿರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿರುತ್ತಿದ್ದರಿಂದ ಮೀನಖಂಡದ ಮೇಲಿನ ಹಸಿರು ಹಚ್ಚೆ ಕಾಣುತ್ತಿತ್ತು. ಎತ್ತರದ ಹೆಂಗಸು, ದೊಡ್ಡ ಹೆಜ್ಜೆ. ಕೂತುಕೊಳ್ಳಿ ಎಂದು ಯಾರಾದರೂ ಮಣೆ ಹಾಕಿದರೆ, "ಕುಂತ್ರ ನನಗ ಉಸಿರ ಕಟ್ಟತೈತಿ" ಎನ್ನುತ್ತಿದ್ದರು.

ಅವರು ವಿಜಯಪುರದ ಇಬ್ರಾಹಿಂಪುರ ಬಡಾವಣೆಯಲ್ಲಿ ನಮ್ಮ ಮನೆಯ ಮಾಲಕಿ. ನಾನು ತಿಕೋಟಾದ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ನನ್ನ ಗಂಡ ಬಬಲೇಶ್ವರದ ಬೀಜ-ಗೊಬ್ಬರದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ಇಬ್ಬರಿಗೂ ಬಸ್ಸು ಹಿಡಿಯಲು ಅನುಕೂಲವಾಗಲೆಂದು ವಿಜಯಪುರದಲ್ಲಿ ಮನೆ ಹುಡುಕಿದಾಗ ಸಿಕ್ಕಿದ್ದು ಅವರ ಮನೆಯ ಹಿಂಭಾಗದ ಎರಡು ಕೋಣೆ. ಮುಂಭಾಗದಲ್ಲಿ ಅವರಿದ್ದರು. ಗಂಡ ತೀರಿಹೋಗಿದ್ದರು, ಮದುವೆಯಾದ ಇಬ್ಬರು ಹೆಣ್ಣುಮಕ್ಕಳು ಊರಲ್ಲೇ ಇದ್ದು ಮಕ್ಕಳನ್ನು ಕಟ್ಟಿಕೊಂಡು ಬಂದುಹೋಗುತ್ತಿದ್ದರು. ಅವರನ್ನು ನಾವು "ಅವ್ವಾರ" ಎಂದು ಕರೆಯುತ್ತಿದ್ದೆವು. ಜೈನಾಪುರದ ಒಕ್ಕಲುತನದ ಮನೆಯ ಮಗಳು, ಕಾಳುಕಡಿ ವ್ಯಾಪಾರದ ಮನೆಗೆ ಸೊಸೆಯಾಗಿ ಬಂದವರು.

ಆ ಮನೆಯ ಅಂಗಳದ ನಟ್ಟನಡುವೆ ಒಂದು ಗೋಡೆ ಇತ್ತು. ಆಳೆತ್ತರಕ್ಕಿಂತ ಹೆಚ್ಚು, ಗಿಲಾವು ಕಾಣದ ಕಲ್ಲಿನ ಗೋಡೆ. ಅದರಾಚೆ ಅವರ ಮೈದುನನ ಮನೆ. ಅಣ್ಣತಮ್ಮಂದಿರು ಕೂಡಿ ಕಟ್ಟಿಸಿದ ಒಂದೇ ಮನೆ ಅದು. ಅಣ್ಣ ಸತ್ತ ಮೇಲೆ ಎರಡಾಯಿತು. ಪಾಲಾಗುವ ದಿನ ಹಿರಿಯರ ಎದುರಿಗೆ ಮೈದುನನ ಹೆಂಡತಿ, "ಗಂಡ ಹುಡುಗರಿಲ್ಲದವರಿಗೆ ಇಷ್ಟ ಜಾಗಾ ಯಾತಕ್ಕ?" ಎಂದುಬಿಟ್ಟಳಂತೆ. ಅವ್ವಾರು ಮರುದಿನವೇ ಗೌಂಡಿಯನ್ನು ಕರೆಸಿ, ತಾವೇ ತಲೆಯ ಮೇಲೆ ನಿಂತು, ವಾರದೊಳಗೆ ಗೋಡೆ ಎಬ್ಬಿಸಿದರು. ಅಂದಿನಿಂದ ಆ ಇಬ್ಬರು ನೆಗೆಣ್ಣಿಯರ ನಡುವೆ ಮಾತಿಲ್ಲ. ಇದನ್ನೆಲ್ಲ ನನಗೆ ಹೇಳಿದ್ದು ಅವರ ಹಿರಿಯ ಮಗಳು. ಅವ್ವಾರ ಬಾಯಿಂದ ಆಚೆಮನೆಯ ಸುದ್ದಿ ಬರುತ್ತಲೇ ಇರಲಿಲ್ಲ.

ನಾನು ಬಸುರಿಯಾದಾಗ ಅವರು ಒಂದು ಸಂಜೆ ಬಾಗಿಲಲ್ಲಿ ನಿಂತು ಕೇಳಿದರು, "ಬಾಣಂತನಕ್ಕ ಎಲ್ಲಿ ಹೋಗ್ತಿ?"

"ನೋಡಬೇಕ್ರಿ" ಎಂದೆ. ನನ್ನ ತವರು ಭೂತನಾಳ. ಅಲ್ಲಿ ಅಪ್ಪ ಮತ್ತು ಮದುವೆಯಾಗದ ಅಣ್ಣ. ಅವ್ವ ನಾನು ಓದುತ್ತಿದ್ದಾಗಲೇ ತೀರಿಹೋಗಿದ್ದಳು. ಅತ್ತೆಗೆ ಮೊಣಕಾಲು ನೋವು, ಬಕೆಟ್ ಎತ್ತಲು ಆಗದು.

"ನೋಡೂದೇನೈತಿ ಅದರಾಗ? ಇಲ್ಲೇ ಇರು. ನಾ ಎರಿತೀನಿ" ಎಂದು ಹೇಳಿ, ನಾನು ಏನಾದರೂ ಹೇಳುವ ಮುಂಚೆಯೇ ತಿರುಗಿ ಹೋಗಿಬಿಟ್ಟರು.

ಎರೆಯುವುದೆಂದರೆ ಸುಮ್ಮನೆ ಮೈ ತೊಳೆಯುವುದಲ್ಲ. ಬಚ್ಚಲಲ್ಲಿ ಹಂಡೆಯ ತುಂಬ ಕುದಿವ ನೀರು, ಎಣ್ಣೆ, ಕಡಲೆ ಹಿಟ್ಟು. ಮೊದಲು ಕಾಲ ಮೇಲೆ ಮಲಗಿಸಿಕೊಂಡು ಕೂಸಿಗೆ, ಆಮೇಲೆ ಬೆನ್ನು, ಸೊಂಟಕ್ಕೆ ಬಿಸಿನೀರು ಬಡಿಯುತ್ತ ನನಗೆ. ಆ ಒಂದು ಹೊತ್ತು ಮಾತ್ರ ಅವರು ಕೂತಿರುತ್ತಿದ್ದರು. ಮಗಳು ಹುಟ್ಟಿ ಮನೆಗೆ ಬಂದ ಮೇಲೆ ಆ ಬಚ್ಚಲೇ ನಮ್ಮ ಮನೆಯ ಮುಖ್ಯ ಕೋಣೆಯಾಯಿತು.

ಗಟಾರು ಕೆಟ್ಟಿದ್ದು ಆಗಲೇ.

ಮೊದಲು ಸದ್ದು ಶುರುವಾಯಿತು. ಮುಂದಿನ ಭಾಗದಲ್ಲಿ ಅವ್ವಾರು ಪಾಯಿಖಾನೆಗೆ ನೀರು ಬಿಟ್ಟರೆ ನಮ್ಮ ಬಚ್ಚಲ ಜಾಲರಿಯೊಳಗೆ ಗುಳುಗುಳು ಎನ್ನುತ್ತಿತ್ತು, ಯಾರೋ ಬಾಯಿ ಮುಕ್ಕಳಿಸಿದ ಹಾಗೆ. ಆಮೇಲೆ ನೀರು ಇಳಿಯುವುದು ನಿಧಾನವಾಯಿತು. ಒಂದು ಮುಂಜಾನೆ ಕೂಸಿಗೆ ಎರೆಯುತ್ತಿದ್ದಾಗ ನೀರು ಇಳಿಯುವ ಬದಲು ಮೇಲೆ ಬಂತು. ಕಂದು ಬಣ್ಣ, ಮೂಗು ಒಡೆಯುವ ನಾತ. ಅವ್ವಾರು ಕೂಸನ್ನು ಎತ್ತಿ ನನ್ನ ಕೈಗೆ ಎಸೆದಂತೆ ಕೊಟ್ಟು, "ಹೊರಗ ನಡಿ, ನಡಿ!" ಎಂದು ಕೂಗಿದರು. ಅವರ ಪಾದ ಮುಳುಗುವಷ್ಟು ಹೊಲಸು ಬಚ್ಚಲಲ್ಲಿ ನಿಂತಿತ್ತು.

ಮೊದಲ ಸಂಶಯ ನಮ್ಮ ಮೇಲೆಯೇ ಬಂತು. "ಖರೇ ಹೇಳ ಬೇ. ಕೂಸಿನ ಅರಿಬಿ, ಗಿರಿಬಿ ಏನರೆ ಒಳಗ ಹಾಕೀರೇನು?"

"ಇಲ್ರಿ ಅವ್ವಾರ."

"ಆಣಿ?"

"ಕೂಸಿನ ಆಣಿ ಮಾಡ್ಲೇನ್ರಿ?"

ಅವರ ಮುಖ ಕೆಂಪಾಯಿತು. "ಸುಡು ನಿನ್ನ ಬಾಯಿ. ಕೂಸಿನ ಆಣಿ ಮಾಡ್ತಾರೇನು?" ಎಂದು ಬೈದು, ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ.

ಎರಡೂ ಭಾಗಕ್ಕೆ ಗಟಾರು ಒಂದೇ. ಯಾರು ಒಂದು ತಂಬಿಗೆ ನೀರು ಚೆಲ್ಲಿದರೂ ಅದು ಹಿಂದೆ ಬಂದು ನಮ್ಮ ಬಚ್ಚಲಲ್ಲಿ ಏಳುತ್ತಿತ್ತು. ಪಾಯಿಖಾನೆಗೆ ಎದುರು ಮನೆಯವರ ಬಾಗಿಲು ತಟ್ಟಬೇಕು. ಹಸಿ ಬಾಣಂತಿ ನಾನು ತಲೆಗೆ ಬಟ್ಟೆ ಕಟ್ಟಿಕೊಂಡು ಓಣಿ ದಾಟುವಾಗ ಜನ ಮುಖ ತಿರುಗಿಸುತ್ತಿದ್ದರು. ಅದು ಮರ್ಯಾದೆಯೋ ಅಸಹ್ಯವೋ ನನಗೆ ತಿಳಿಯುತ್ತಿರಲಿಲ್ಲ. ಕೂಸು ಸೀನಿದರೆ ಹಣೆ ಮುಟ್ಟಿ ನೋಡುತ್ತಿದ್ದೆ. ಮಲಗಿದರೆ ಎಲ್ಲಿಂದಲೋ ಗುಳುಗುಳು ಕೇಳಿದಂತಾಗಿ ಎದ್ದು ಬಚ್ಚಲಿಗೆ ಹೋಗಿ ನೋಡಿ ಬರುತ್ತಿದ್ದೆ. ಬೇರೆ ಮನೆ ನೋಡೋಣ ಎಂದು ಗಂಡ ಹೇಳಿದಾಗ ಆಗಲಿ ಎಂದೆ, ಮರುಕ್ಷಣವೇ ಬೇಡ ಎಂದು ಅಳತೊಡಗಿದೆ.

ಅವ್ವಾರು ಎರೆಯುವುದನ್ನು ಮಾತ್ರ ಬಿಡಲಿಲ್ಲ. ಹಿತ್ತಲಲ್ಲಿ ಎರಡು ಹಳೆಯ ಸೀರೆ ಕಟ್ಟಿ ಮರೆ ಮಾಡಿದರು. ಕೆಳಗೆ ದೊಡ್ಡ ಕಬ್ಬಿಣದ ಬುಟ್ಟಿಯಿಟ್ಟು ಎರೆದು, ಆ ನೀರನ್ನು ಬಕೆಟ್ಟಿಗೆ ಸುರಿದು ಓಣಿಯ ಚರಂಡಿಯವರೆಗೆ ತಾವೇ ಹೊತ್ತೊಯ್ದು ಚೆಲ್ಲುತ್ತಿದ್ದರು. ನನ್ನ ಗಂಡ ಕೈ ಹಾಕಿದರೆ, "ನಿನ್ನ ಬಸ್ಸಿಗೆ ಹೊತ್ತಾತು, ಹೋಗು" ಎಂದು ಅಟ್ಟುತ್ತಿದ್ದರು. ದಿನದ ಉಳಿದ ಹೊತ್ತೆಲ್ಲ ಗಟಾರಿನ ಹಿಂದೆ. ಬಚ್ಚಲಿಗೆ ಹೋಗುವುದು, ಬಗ್ಗುವುದು, ಅಂಗಳಕ್ಕೆ ಬರುವುದು, ನೆಲ ನೋಡುತ್ತ ನಡೆಯುವುದು, ಗೋಡೆಯ ಹತ್ತಿರ ಬಂದು ತಿರುಗುವುದು.

ಮೊದಲು ಹೊಲಸು ಹೀರುವ ಗಾಡಿ ಬಂತು. ನಮ್ಮ ಬಚ್ಚಲ ಹಿಂದಿನ ಗಟಾರದ ಗುಂಡಿಯನ್ನು ಹೀರಿದರೂ ಎರಡು ದಿನದಲ್ಲಿ ಮತ್ತೆ ಅದೇ ಕತೆ. ಎರಡನೇ ಸಲ ಬಂದಾಗ ಗಾಡಿಯ ಜೊತೆಗಿದ್ದವನು ಒಳಗೆ ಇಳಿದು ನೋಡುತ್ತೇನೆಂದು ಅಂಗಿ ಕಳಚತೊಡಗಿದ. ಅವ್ವಾರು ಗುಂಡಿಗೆ ಅಡ್ಡ ನಿಂತರು. "ಇಳೀಬ್ಯಾಡ. ಒಳಗ ಗ್ಯಾಸ ಇರತೈತಿ. ನನ್ನ ಮನಿ ಪಾಯಿಖಾನಿ ಬಂದ್ ಬಿದ್ರ ಬೀಳ್ಳಿ, ನಿನ್ನ ಜೀವದ ಪಾಪ ನಾ ಕಟ್ಟಿಕೊಳ್ಳಾಂಗಿಲ್ಲ. ಅಂಗಿ ಹಾಕ್ಕೊ." ಅವನು ಅಂಗಿ ಹಾಕಿಕೊಂಡ.

ಆಮೇಲೆ ಅವರಿಗೊಂದು ಉಪಾಯ ಹೊಳೆಯಿತು. ಬಟ್ಟೆಗೆ ಹಾಕುವ ನೀಲಿಯನ್ನು ಬಕೆಟ್ ನೀರಿಗೆ ಕಲಸಿ ಬಚ್ಚಲ ಜಾಲರಿಯೊಳಗೆ ಸುರಿಯುವುದು. ರಸ್ತೆಯ ಹತ್ತಿರವಿರುವ ಕೊನೆಯ ಗುಂಡಿಯಲ್ಲಿ ನೀಲಿ ಬರುತ್ತದೋ ಇಲ್ಲವೋ ನೋಡುವುದು. ಬಂದರೆ ದಾರಿ ಇದೆ, ಬರದಿದ್ದರೆ ನಡುವೆ ಎಲ್ಲೋ ಕಟ್ಟಿದೆ. ತೊಂದರೆಯೆಂದರೆ ಆ ಕೊನೆಯ ಗುಂಡಿ ಇದ್ದದ್ದು ಗೋಡೆಯಾಚೆ, ನೆಗೆಣ್ಣಿಯ ಅಂಗಳದಲ್ಲಿ. ಅಡಿಗಳ ಲೆಕ್ಕದಲ್ಲಿ ಮನೆ ಪಾಲು ಮಾಡಿದ ಹಿರಿಯರು ನೆಲದೊಳಗಿನ ಗಟಾರನ್ನು ಪಾಲು ಮಾಡುವುದನ್ನು ಮರೆತಿದ್ದರು.

ಅವ್ವಾರು ನನ್ನ ಗಂಡನನ್ನು ಮಾಳಿಗೆ ಹತ್ತಿಸಿದರು. "ಮ್ಯಾಲಿಂದ ನೋಡು. ಆ ಗುಂಡಿ ಮುಚ್ಚಳಕ್ಕ ತೂತ ಐತಿ, ನೀಲಿ ಕಂಡೀತು." ಗಂಡ ಹೊಟ್ಟೆಯ ಮೇಲೆ ಮಲಗಿ ಕುತ್ತಿಗೆ ಚಾಚಿದ್ದೇ ತಡ, ಆಚೆಯಿಂದ ನೆಗೆಣ್ಣಿಯ ದನಿ ಎದ್ದಿತು: "ಏ ತಮ್ಮಾ, ನಮ್ಮ ಅಂಗಳದಾಗ ಏನ ನೋಡಾಕತ್ತೀ? ಕೆಳಗ ಇಳೀತಿಯೋ, ನಾನ ಮ್ಯಾಲ ಬರಲ್ಯೊ?" ಗಂಡ ಕೆಳಗಿಳಿದಾಗ ಅವರ ಮುಖದಲ್ಲಿ ನೆತ್ತರು ಇರಲಿಲ್ಲ. ನನಗೆ ನಗು ಬಂತು. ಎಷ್ಟೋ ದಿನಗಳ ಮೇಲೆ ನಗುತ್ತಿದ್ದೆ. ಅವ್ವಾರು ನಗಲಿಲ್ಲ. "ನೀಲಿ?" ಎಂದಷ್ಟೇ ಕೇಳಿದರು.

"ಕಾಣ್ಲಿಲ್ರಿ."

ತಿಕೋಟಾ ರಸ್ತೆಯ ಒಬ್ಬ ಪ್ಲಂಬರ್ ಬಂದ. ಮೊದಲು ಉದ್ದನೆಯ ಬಿದಿರಿನ ಸೀಳು ಬಿಟ್ಟ. ಅದು ಒಂದಿಷ್ಟು ದೂರ ಹೋಗಿ ನಿಂತಿತು. ಎಳೆದು ತೆಗೆದರೆ ತುದಿಗೆ ಎರೆಮಣ್ಣು ಮೆತ್ತಿತ್ತು. "ಪೈಪ ಒಡದೈತ್ರಿ. ಇಲ್ಲಾಂದ್ರ ಒಳಗ ಮಣ್ಣ ಬರಾಂಗಿಲ್ಲ" ಎಂದ. ಮರುದಿನ ತಂತಿಯ ತುದಿಗೆ ಸಣ್ಣ ಕ್ಯಾಮೆರಾ ಕಟ್ಟಿದ ಯಂತ್ರ ತಂದು ಪೈಪಿನೊಳಗೆ ಬಿಟ್ಟ. ಅವನ ಮೊಬೈಲಿನಲ್ಲಿ ಚಿತ್ರ ಕಾಣುತ್ತಿತ್ತು. ನಾವೆಲ್ಲ ಸುತ್ತ ನಿಂತೆವು. ಮಬ್ಬು ಬೆಳಕು, ಜಾರುವ ಗೋಡೆ, ನಡುನಡುವೆ ನೀರು.

"ಇದು ನಮ್ಮ ಮನಿ ಹೊಟ್ಟಿ ಒಳಗಿಂದೇನು?" ಎಂದರು ಅವ್ವಾರು.

"ಹೌದ್ರಿ. ಇಲ್ನೋಡ್ರಿ." ಚಿತ್ರ ನಿಂತಿತು. ಹಳೆಯ ಚೀನಿಮಣ್ಣಿನ ಪೈಪು ಅಲ್ಲಿ ಹಪ್ಪಳದ ಹಾಗೆ ಮುರಿದು ಬಿದ್ದಿತ್ತು. ಅದರ ಮೇಲೊಂದು ದೊಡ್ಡ ಕಲ್ಲಿನ ಮೂಲೆ ಕಾಣುತ್ತಿತ್ತು. ಪ್ಲಂಬರ್ ತಂತಿಯ ಉದ್ದವನ್ನು ಹೊರಗೆ ನೆಲದ ಮೇಲೆ ಅಳೆಯುತ್ತ ಹೋದ. ಹೋಗಿ ಹೋಗಿ ಗೋಡೆಗೆ ಹಣೆ ತಾಗುವಂತೆ ನಿಂತ. "ಇದರ ಬುಡಕ್ಕ ಐತ್ರಿ. ಯಾವನೋ ಗೌಂಡಿ ಪೈಪಿನ ಮ್ಯಾಲ ಪಾಯಾದ ಕಲ್ಲ ಇಟ್ಟಾನ. ಎರಿ ನೆಲಾ. ಮಳಿಗೆ ಉಬ್ಬತೈತಿ, ಬಿಸಲಿಗೆ ಬಿರೀತೈತಿ. ಕಲ್ಲ ಕೂತ ಕೂತ ಪೈಪ ಪುಡಿ ಮಾಡೈತಿ. ಗ್ವಾಡಿ ಯಾರ ಕಟ್ಟಿಸಿದ್ರಿ?"

ಅವ್ವಾರು ಸೆರಗಿನಿಂದ ಮುಖ ಒರೆಸಿಕೊಂಡರು. "ನಾನ" ಎಂದರು.

ಬೇರೆ ದಾರಿಯಿಂದ ಪೈಪು ಒಯ್ಯಲು ಬರುವುದಿಲ್ಲವೇ ಎಂದು ನನ್ನ ಗಂಡ ಕೇಳಿದರು. ಗೇಟಿನ ಮುಂದಿನ ಓಣಿಯೂ ಹಿಂದಿನ ಓಣಿಯೂ ಎತ್ತರದಲ್ಲಿವೆ, ನೀರು ಏರುವುದಿಲ್ಲ ಎಂದ ಪ್ಲಂಬರ್. ಗೋಡೆಯ ಬುಡ ಒಡೆಯಬೇಕು, ಎರಡೂ ಅಂಗಳ ಅಗೆಯಬೇಕು.

ಅವ್ವಾರು ಆ ದಿನ ಎಷ್ಟು ಸಲ ಗೇಟಿನವರೆಗೆ ಹೋಗಿ ಬಂದರೋ. ಹೋಗುವರು, ಚಿಲಕ ತೆಗೆಯುವರು, ಮತ್ತೆ ಹಾಕಿ ಬರುವರು. ಒಲೆಯ ಮೇಲಿನ ಹಾಲು ಉಕ್ಕಿಹೋಯಿತು, ಗಮನಿಸಲಿಲ್ಲ. ಅವರ ನಡಿಗೆ ನೋಡಿ ನೋಡಿ ನನ್ನ ತಲೆಯೇ ತಿರುಗತೊಡಗಿತು. "ಬ್ಯಾಡ್ರಿ ಅವ್ವಾರ, ನಾವು ಬ್ಯಾರೆ ಮನಿ ನೋಡ್ತೀವ್ರಿ" ಎಂದೆ. ಅವರು ನನ್ನನ್ನೂ, ನನ್ನ ಹೆಗಲ ಮೇಲಿದ್ದ ಕೂಸನ್ನೂ ಒಮ್ಮೆ ನೋಡಿದರು. ಆಮೇಲೆ ಚಿಲಕ ತೆಗೆದು ಹೊರಗೆ ಹೋದರು, ಈ ಸಲ ತಿರುಗಲಿಲ್ಲ.

ನಾನು ಗೋಡೆಯ ಈಚೆ ನಿಂತೆ. ಏನೂ ಕಾಣುತ್ತಿರಲಿಲ್ಲ. ಆಚೆಯ ಗೇಟು ಕಿರುಗುಟ್ಟಿದ್ದು ಕೇಳಿತು. ಮೊರದಲ್ಲಿ ಜೋಳ ಕೇರುವ ಸದ್ದು ನಿಂತಿತು.

"ಪೈಪ ಒಡದೈತಿ. ನಿನ್ನ ಅಂಗಳ ಅಗೀಬೇಕು" ಅವ್ವಾರ ದನಿ.

"ನನ್ನ ಅಂಗಳಕ್ಕ ಹೊಸಾ ಫರಸಿ ಕಲ್ಲ ಹಾಕ್ಸೀನಿ. ಕೊಡಂಗಿಲ್ಲ."

"ಫರಸಿ ನಾ ಹಾಕಿಸಿ ಕೊಡತೀನಿ."

"ಇಷ್ಟ ವರ್ಷ ನಾ ಇಲ್ಲಿ ಸತ್ತೀನೋ, ಬದುಕೀನೋ ಅಂತ ಕೇಳಲಿಲ್ಲ. ಈಗ ಗಟಾರಕ್ಕ ಬಂದಿ?"

"ನನ್ನ ಸಲುವಾಗಿ ಬಂದಿಲ್ಲ. ಮನ್ಯಾಗ ಬಾಣಂತಿ ಅದಾಳ. ಹಸಿ ಕೂಸ ಐತಿ. ಹೊಲಸಿನಾಗ ಎರೀಲೇನು ಅದಕ್ಕ?"

"ಬಾಡಗಿ ಮಂದಿ ಸಲುವಾಗಿ ನನ್ನ ಬಾಗಲಿಗೆ ಬಂದೀಯೇನು?"

"ಹೂಂ. ಬಂದೆ."

ಮೊರದ ಸದ್ದು ಮತ್ತೆ ಶುರುವಾಗಿ ನಿಂತಿತು. ಕೂಸು ಅಳದಿರಲಿ ಎಂದು ನಾನು ಅದರ ಬೆನ್ನು ತಟ್ಟುತ್ತಿದ್ದೆ. ಆಮೇಲೆ ನೆಗೆಣ್ಣಿಯ ದನಿ, ಮೊದಲಿನಷ್ಟು ಗಟ್ಟಿಯಲ್ಲ: "ಅಕ್ಕಾ, ನಾ ಆವತ್ತ ಅಂದ ಮಾತು..."

"ಅದನ್ನ ತಗೀಬ್ಯಾಡ."

"ತಗೀಲಿಲ್ಲಾಂದ್ರ ಹೋಕೈತೇನು? ನನಗ ಗ್ವಾಡಿ ಕಂಡಾಗೊಮ್ಮೆ ನೆನಪಾಕೈತಿ. ದಿನಾ ಎದ್ದ ಕೂಡ್ಲೆ ಅದನ್ನ ನೋಡಬೇಕು ನಾ."

ಅವ್ವಾರು ಏನಾದರೂ ಹೇಳಿದರೋ, ಕೈ ಹಿಡಿದರೋ, ಸುಮ್ಮನೆ ನಿಂತರೋ ನನಗೆ ಗೊತ್ತಿಲ್ಲ. ಮುಂದೆ ಎಂದೂ ಹೇಳಲೂ ಇಲ್ಲ. ನನಗೆ ಕೇಳಿಸಿದ್ದು ನೆಗೆಣ್ಣಿಯ ಮಾತು: "ಅಗೀಲಿ. ಆದ್ರ ತುಳಸಿ ಕಟ್ಟಿಗೆ ಗುದ್ದಲಿ ತಾಕಿತಂದ್ರ ನಾ ಸುಮ್ನ ಇರಂಗಿಲ್ಲ."

ಕೆಲಸ ಶುರುವಾಯಿತು. ಗೋಡೆಯ ಬುಡದಲ್ಲಿ ಒಬ್ಬ ಮನುಷ್ಯ ತೂರುವಷ್ಟು ಕಿಂಡಿ ಕೊರೆದರು. ಆ ಪಾಯದ ಕಲ್ಲನ್ನು ಹಾರೆ ಹಾಕಿ ಎಬ್ಬಿಸುವಾಗ ಮೂವರು ಆಳುಗಳಿಗೂ ಏದುಸಿರು ಬಂತು. ಕೆಳಗೆ ಪೈಪಿನ ಚೂರುಗಳು, ಕಪ್ಪು ಕೆಸರು. ಪ್ಲಂಬರ್ ಒಡೆದ ಭಾಗವನ್ನೆಲ್ಲ ತೆಗೆದು, ತಳಕ್ಕೆ ಮರಳು ಹಾಸಿ, ದಪ್ಪನೆಯ ಪಿವಿಸಿ ಪೈಪು ಕೂಡಿಸಿ, ಮಟ್ಟ ಅಳೆಯುವ ನೀರಿನ ಕೊಳವೆ ಹಿಡಿದು ಇಳಿಜಾರು ನೋಡಿದ. ಮೇಲಿನ ಭಾರ ಇನ್ನು ಪೈಪಿಗೆ ಬೀಳದಂತೆ ಅಡ್ಡಲಾಗಿ ಹಾಸುಗಲ್ಲು ಹಾಕಿದ. ಗೋಡೆಯ ಎರಡೂ ಕಡೆಗೆ ಮುಚ್ಚಳ ತೆಗೆದು ನೋಡುವಂಥ ಗುಂಡಿ ಕಟ್ಟಿಸಬೇಕೆಂದು ಅವ್ವಾರು ಹಟ ಹಿಡಿದರು.

ಸಿಮೆಂಟು ಗಟ್ಟಿಯಾಗುವವರೆಗೆ ಆ ಕಿಂಡಿ ತೆರೆದೇ ಇತ್ತು. ನೆಗೆಣ್ಣಿಯರ ಜಗಳವೆಲ್ಲ ಅದರೊಳಗಿಂದ ನಡೆಯಿತು. ಧೂಳು ಇತ್ತ ಬರುತ್ತದೆ, ಮಣ್ಣಿನ ಗುಡ್ಡೆ ಅತ್ತ ಸರಿಸಿ, ನಿಮ್ಮ ಕೋಳಿ ನಮ್ಮ ಕಡೆ ಬಂತು. ಒಂದು ಮಧ್ಯಾಹ್ನ ಕಿಂಡಿಯೊಳಗಿಂದ ಬಳೆ ತುಂಬಿದ ಕೈಯೊಂದು ಸ್ಟೀಲಿನ ಡಬ್ಬಿ ಹಿಡಿದು ಈಚೆ ಬಂತು. "ಅಂಟಿನುಂಡಿ ಅದಾವ. ಬಾಣಂತಿಗೆ ಕೊಡು. ನೀ ಮಾಡಿದ ಉಂಡಿ ಕಲ್ಲ ಇದ್ದಂಗ ಇರತಾವ, ಆಕಿ ಹಲ್ಲ ಮುರದಾವು." ಅವ್ವಾರು ಡಬ್ಬಿ ಇಸಿದುಕೊಂಡು ಒಂದು ಉಂಡೆ ಮುರಿದು ಬಾಯಿಗೆ ಹಾಕಿಕೊಂಡರು. "ಬೆಲ್ಲ ಹೆಚ್ಚಾಗೈತಿ" ಎಂದು ಕಿಂಡಿಯೊಳಗೆ ಕೂಗಿ ಹೇಳಿ, ಉಳಿದದ್ದನ್ನು ನನ್ನ ಮುಂದಿಟ್ಟರು. ಮೂಲೆಗೆ ತಿರುಗಿ ನಿಂತು ಆ ಒಂದು ತುತ್ತನ್ನು ಬಹಳ ಹೊತ್ತು ಅಗಿಯುತ್ತಿದ್ದರು.

ಕೊನೆಯ ದಿನ ಮತ್ತೆ ನೀಲಿ ಕಲಸಿದರು. ನಾನೇ ಸುರಿಯುತ್ತೇನೆಂದು ಬಕೆಟ್ ತೆಗೆದುಕೊಂಡೆ. ಅವ್ವಾರು ಈಚೆಯ ಗುಂಡಿಯ ಮೇಲೆ ಬಗ್ಗಿದರು. ಗೋಡೆಯಾಚೆ ನೆಗೆಣ್ಣಿ ರಸ್ತೆಯ ಗುಂಡಿಯ ಮುಚ್ಚಳ ತೆಗೆದು ಕಾದಳು. ನೀರು ಜಾಲರಿಯೊಳಗೆ ಸದ್ದಿಲ್ಲದೆ ಇಳಿಯಿತು.

"ನನ್ನ ಕಡೆ ದಾಟಿತು!" ಎಂದರು ಅವ್ವಾರು. "ಏ, ಬಂತೇನು?"

"ಇಲ್ಲ."

"ಬಂತೇನು?"

"ತಡಿ ಅಕ್ಕಾ, ಅವಸರಾ ಮಾಡಬ್ಯಾಡ... ಬಂತ! ಬಂತವ್ವ, ನೀಲಿ ಬಂತ!"

ಆ ಕೂಗಿಗೆ ಓಣಿಯ ಜನ ಹೊರಗೆ ಬಂದು ನೋಡಿದರು. ಮರುದಿನ ಮುಂಜಾನೆ ತೊಳೆದ ಬಚ್ಚಲಲ್ಲಿ ಹಂಡೆ ಕುದಿಯಿತು. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುತ್ತ ಅವ್ವಾರು ಜಾಲರಿಯ ಕಡೆಗೇ ನೋಡುತ್ತಿದ್ದರು.

ಗೋಡೆಯನ್ನು ಅವರು ಕೆಡವಿಸಲಿಲ್ಲ. ಕಿಂಡಿಯನ್ನು ಕಲ್ಲಿಟ್ಟು ಮುಚ್ಚಿಸಿದರು. ಯಾಕೆಂದು ನಾನು ಕೇಳಿದಾಗ, "ಪಾಲ ಆದದ್ದು ಆತಲ್ಲ. ಆಕಿ ಮನ್ಯಾಗ ಆಕಿ, ನನ್ನ ಮನ್ಯಾಗ ನಾ" ಎಂದರು. ಆದರೆ ಜಗಳ ನಿಲ್ಲಲಿಲ್ಲ. ಮಾತೇ ಬಿಟ್ಟಿದ್ದವರು ಈಗ ದಿನವೂ ಗೋಡೆಯ ಎರಡು ಕಡೆ ನಿಂತು ಗಂಟಲು ಹರಿದುಕೊಂಡು ಕಚ್ಚಾಡುತ್ತಿದ್ದರು. ನೀರು ಬಂದಾಗ, ಕರಿಬೇವು ಬೇಕಾದಾಗ, ಹಬ್ಬಕ್ಕೆ ಹೋಳಿಗೆಯೋ ಕಡುಬೋ ಎನ್ನುವುದಕ್ಕೆ ಕೂಡ. ಜಗಳ ಕೇಳಿಸದ ದಿನ ಅವ್ವಾರು ಚಡಪಡಿಸಿ, "ಯಾಕ, ಆಕಿಗೆ ಆರಾಮಿಲ್ಲೇನು? ನೋಡಿ ಬಾ" ಎಂದು ನನ್ನನ್ನು ಅಟ್ಟುತ್ತಿದ್ದರು.

ಮಗಳು ಶಾಲೆಗೆ ಸೇರುವ ಹೊತ್ತಿಗೆ ನಾವು ತಿಕೋಟಾಕ್ಕೆ ಮನೆ ಬದಲಿಸಿದೆವು. ಹೊರಡುವಾಗ ನಾನು ಕಾಲಿಗೆ ಬಿದ್ದು ಏನೇನೋ ಹೇಳಬೇಕೆಂದುಕೊಂಡಿದ್ದೆ. ಅವರು ಟೆಂಪೋದವನಿಗೆ ಹಂಡೆ ಹೇಗೆ ಕಟ್ಟಬೇಕೆಂದು ಹೇಳುತ್ತ ಅತ್ತಿತ್ತ ಓಡಾಡುತ್ತಿದ್ದರು.

ಕಳೆದ ಬೇಸಿಗೆಯ ಶುರುವಿನಲ್ಲಿ, ಶಾಲೆಗೆ ರಜೆ ಬೀಳುವ ಮುಂಚೆ, ಅವ್ವಾರು ತವರೂರು ಜೈನಾಪುರದಲ್ಲಿ ಅಣ್ಣನ ಮನೆಯ ವಾಸ್ತುಶಾಂತಿ ಮುಗಿಸಿ ಹಿಂದಿರುಗುವಾಗ ಬಬಲೇಶ್ವರದ ಬಸ್ಸಿನಲ್ಲಿ ಅವರಿಗೆ ಎದೆನೋವು ಬಂತಂತೆ. ವಿಜಯಪುರ ಮುಟ್ಟಿ ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ಫೋನು ಬಂದಾಗ ನಾನು ತರಗತಿಯಲ್ಲಿದ್ದೆ. ಮಗಳನ್ನು ಕರೆದುಕೊಂಡು ಸಿಕ್ಕ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನಗೆ ಕೂತಲ್ಲಿ ಕೂಡಲಾಗಲಿಲ್ಲ. ಎದ್ದು ನಿಂತೇ ಹೋದೆ.

ಪಡಸಾಲೆಯಲ್ಲಿ ಜನ ತುಂಬಿದ್ದರು. ಅವ್ವಾರ ತಲೆಯ ಹತ್ತಿರ ನೆಗೆಣ್ಣಿ ಕೂತಿದ್ದಳು. ಹೆಣ್ಣುಮಕ್ಕಳು ಎರಡೂ ಮಗ್ಗುಲಿಗಿದ್ದರು. ಜೈನಾಪುರದಿಂದ ಬಂದ ಹೆಂಗಸರು ಬಾಗಿಲು ತುಂಬಿ ನಿಂತಿದ್ದರಿಂದ ನನಗೆ ಒಳಗೆ ಹೋಗಲು ದಾರಿಯಿರಲಿಲ್ಲ. ಅವರಲ್ಲೊಬ್ಬಳು ತಿರುಗಿ, "ನೀ ಯಾರವ್ವ? ಏನ ಆಗಬೇಕು ನಿನಗ?" ಎಂದು ಕೇಳಿದಳು. ಬಾಡಿಗೆಗಿದ್ದವಳು ಎನ್ನಲು ನಾಲಿಗೆ ಹೊರಳಲಿಲ್ಲ. ಮಗಳ ಕೈ ಹಿಡಿದುಕೊಂಡೆ.

ಒಳಗಿನಿಂದ ನೆಗೆಣ್ಣಿ ತಲೆ ಎತ್ತಿದಳು. ಅತ್ತು ಅತ್ತು ದನಿ ಬಿದ್ದುಹೋಗಿತ್ತು, ಆದರೂ ಬಾಗಿಲವರೆಗೆ ಕೇಳುವಂತೆ ಹೇಳಿದಳು:

"ಆಕಿ ನಮ್ಮ ಅಕ್ಕನ ಮೂರನೇ ಮಗಳು. ಮುಂದ ಬಿಡ್ರಿ ಆಕೀನ್ನ."

ಹೆಂಗಸರು ಸರಿದು ದಾರಿ ಬಿಟ್ಟರು.